ಬೋಳನ ಫೋಟೊ

ನಾಣ್ಯಗಳ ಫೋಟೊ ತೆಗೆಯಲು ಒಂದು ಕ್ಯಾಮೆರಾ ಬೇಕು, ಅದು ನಮ್ಮ ಜೇಬಿಗೆ ಹೊಂದುವಂತಿರಬೇಕು ಎಂದು ನನ್ನ ಗಂಡ ಎರಡು ವರ್ಷ ಹುಡುಕಿದರು. ಅಷ್ಟರೊಳಗೆ ಜನ ಮದುವೆಯಾಗಿ, ಮಗು ಹೆತ್ತು, ಜಗಳವಾಡಿ, ಬೇರೆಯೂ ಆಗಿಬಿಡುತ್ತಾರೆ. ಇವರದು ಮಾತ್ರ ಅಂಗಡಿಗೆ ಹೋಗುವುದು, ಅಳೆದು ಸುರಿದು ನೋಡುವುದು, "ನಾಳೆ ಬರ್ತೀನಿ" ಎಂದು ಹೇಳಿ ಬರಿಗೈಯಲ್ಲಿ ಮನೆಗೆ ಬರುವುದು. ನಾಳೆ ಎಂದವನ ಮನೆ ಹಾಳು ಎಂದು ನಾನು ಬಡಿಸುವಾಗಲೆಲ್ಲ ಅನ್ನುತ್ತಿದ್ದೆ. ಶಾಪ ಹಾಕಿದ್ದಲ್ಲ, ಗಾದೆ ಬಾಯಿಗೆ ಬರುತ್ತಿತ್ತು, ಅಷ್ಟೆ.

ಅವರು ಸಿಟಿ ಬಸ್ಸಿನ ಕಂಡಕ್ಟರು. ಮನೆಯಲ್ಲೂ ನಾನು ಹಾಗೆಯೇ ಕರೆಯುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲೂ ಚೌಕಟ್ಟು ಹಿಡಿದುಕೊಂಡು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಲ್ಲುವ ಮನುಷ್ಯನನ್ನು ಇನ್ನೇನೆಂದು ಕರೆಯುವುದು? ಜನ ಗದ್ದಲದಲ್ಲಿ ಅವರ ಕೈಗೆ ತುರುಕಿದ ಪರದೇಶದ ನಾಣ್ಯ, ಚಲಾವಣೆ ತಪ್ಪಿದ ನಾಣ್ಯ, ತೂತು ಬಿದ್ದ ನಾಣ್ಯ ಎಲ್ಲವೂ ಮನೆಗೆ ಬರುತ್ತಿದ್ದವು. ಬಿಸ್ಕೆಟ್ ಡಬ್ಬಿ ತುಂಬಿ, ಅದರ ಮೇಲೊಂದು ಡಬ್ಬಿ ಬಂತು. "ಹಳೇ ಕಾಲದ ನಾಣ್ಯದ ಮೇಲೆಲ್ಲ ರಾಜರ ತಲೆ ನೋಡು. ಕುಳಿತಲ್ಲೇ ಕುಳಿತವರು. ದಿನವೆಲ್ಲ ಜೋತಾಡ್ಕೊಂಡು ಅದನ್ನ ಕೈಯಲ್ಲಿ ಹಿಡಿಯೋರು ನಾವು. ಕಂಡಕ್ಟರ ತಲೆ ಹಾಕಿದ ಒಂದು ನಾಣ್ಯ ಇದೆಯಾ?" ಎಂದು ಕೇಳುತ್ತಿದ್ದರು. ಇಂಥ ಪ್ರಶ್ನೆಗೆ ನಾನು ಉತ್ತರ ಕೊಡುವ ಪೈಕಿಯವಳಲ್ಲ.

ಆ ಡಬ್ಬಿಗೆ ಸೇರದೆ ಸದಾ ಅವರ ಅಂಗಿಯ ಜೇಬಿನಲ್ಲೇ ಇದ್ದದ್ದು ಬೋಳ. ಒಂದು ಬದಿಯಲ್ಲಿ ತೆನೆ, ಅಂಕಿ ಎಲ್ಲ ಸರಿಯಾಗಿ ಮೂಡಿದ ನಾಣ್ಯ. ತಿರುಗಿಸಿದರೆ ಆ ಕಡೆ ಏನೂ ಇಲ್ಲ, ನುಣ್ಣಗೆ ಬೋಳು. ಟಂಕಸಾಲೆಯಲ್ಲಿ ಅಚ್ಚು ಒಂದೇ ಕಡೆ ಬಿದ್ದು ಹೊರಬಂದ ಅಪರೂಪದ ನಾಣ್ಯ ಇದು ಎಂದು ಅವರು. ಯಾರೋ ಅರ ಹಾಕಿ ಉಜ್ಜಿ ನಿಮ್ಮ ಕಿವಿಗೆ ಹೂ ಇಟ್ಟಿದ್ದಾರೆ ಎಂದು ಡಿಪೋದವರೆಲ್ಲ. ಅದನ್ನು ತೀರ್ಮಾನಿಸಬೇಕಾದವರು ನಾಣ್ಯಸಂಗ್ರಾಹಕರ ಸಂಘದವರು, ಅವರಿಗೆ ಸ್ಪಷ್ಟವಾದ ಫೋಟೊ ಬೇಕಿತ್ತು. ಕ್ಯಾಮೆರಾದ ಈ ರಾಮಾಯಣವೆಲ್ಲ ಅದಕ್ಕಾಗಿ.

ಹೀಗಿರುವಾಗ ಒಂದು ಬೆಳಿಗ್ಗೆ ಡಿಪೋದ ಬೆಂಚಿನ ಮೇಲೆ ಟೀ ಲೋಟ ಹಿಡಿದು ಕುಳಿತವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ನಾನು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವವಳು. ಊರವರ ಎದೆಗೂಡುಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದ್ದೇನೆ, ಅವರದನ್ನು ಒಂದು ಸಲವೂ ನೋಡಿರಲಿಲ್ಲ.

ನಾನು ಅಳಲಿಲ್ಲ. ತಡೆದುಕೊಂಡದ್ದಲ್ಲ, ಬರಲೇ ಇಲ್ಲ. ಹಲ್ಲಿನ ಡಾಕ್ಟರು ಚುಚ್ಚಿದ ಮೇಲೆ ತುಟಿ ಇದ್ದೂ ಇಲ್ಲದಂತೆ ಆಗುತ್ತದಲ್ಲ, ನಾನು ಇಡಿಯಾಗಿ ಹಾಗಾಗಿದ್ದೆ. ನನ್ನ ನಾದಿನಿ, ಅಂದರೆ ಅವರ ತಂಗಿ, ಬಟ್ಟೆ ಹೊಲಿದು ಬದುಕುವವಳು, ನನ್ನೊಬ್ಬಳನ್ನೇ ಬಿಡಬಾರದೆಂದು ಹೊಲಿಗೆ ಮೆಷಿನ್ನಿನ ಸಮೇತ ಬಂದು ನಮ್ಮ ನಡುಮನೆಯ ಕಿಟಕಿ ಪಕ್ಕ ಠಿಕಾಣಿ ಹೂಡಿದಳು. ಅವಳು ದಿನಕ್ಕೆ ಹತ್ತು ಸಲ ಅತ್ತಳು. ನಡುನಡುವೆ ಒಲೆಯ ಮೇಲಿನ ಹಾಲನ್ನು ನೋಡುವಂತೆ ನನ್ನ ಮುಖ ನೋಡುತ್ತಿದ್ದಳು, ಈಗ ಉಕ್ಕೀತು, ಆಗ ಉಕ್ಕೀತು ಎಂದು.

"ಅತ್ತುಬಿಡಿ ಅತ್ತಿಗೆ. ಒಳಗೇ ಇಟ್ಕೊಂಡ್ರೆ ಕಾಯಿಲೆ ಆಗುತ್ತೆ."

"ಒಳಗೂ ಇಲ್ಲ ಕಣೇ. ಇದ್ದಿದ್ರೆ ಕೊಡ್ತಿದ್ದೆ."

ಕೆಲಸಕ್ಕೆ ಹೋದರೆ ಸರಿಹೋಗುತ್ತದೆ ಎಂದುಕೊಂಡು ಹೋದೆ. ಒಬ್ಬ ಅಜ್ಜನ ಎದೆಯ ಫಿಲ್ಮ್ ತೆಗೆಯಬೇಕಿತ್ತು. ತಟ್ಟೆಗೆ ಎದೆ ಒತ್ತಿ ನಿಲ್ಲಿಸಿ, ಭುಜ ಮುಂದಕ್ಕೆ ತಳ್ಳಿ, ಗಾಜಿನ ಹಿಂದೆ ಹೋಗಿ ಎಂದಿನಂತೆ ಕೂಗಿದೆ: "ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ, ಅಲ್ಲಾಡಬೇಡಿ." ಗುಂಡಿ ಒತ್ತಿದೆ. ಯಂತ್ರ ಗುಂಯ್ ಎಂದು ಸುಮ್ಮನಾಯಿತು. ಆಮೇಲೆ "ಬಿಡಿ" ಎನ್ನಬೇಕು. ಇಷ್ಟು ವರ್ಷ ಬಾಯಿ ತಾನಾಗಿ ಹೇಳುತ್ತಿದ್ದ ಮಾತು. ನಾನು ಗಾಜಿನ ಹಿಂದೆ ನಿಂತು ಆ ಅಜ್ಜನ ಬೆನ್ನನ್ನು, ಬನಿಯನ್ನಿನ ತೂತನ್ನು ನೋಡುತ್ತಿದ್ದೆ. ಪಾಪ, ವಿಧೇಯ ಮನುಷ್ಯ. ಹಿಡಿದುಕೊಂಡೇ ನಿಂತಿದ್ದ. ಕಿವಿ ಕೆಂಪಾಗಿ, ಕಾಲು ನಡುಗಿ, ಕೊನೆಗೆ ಅವನೇ ಬುಸ್ಸೆಂದು ಬಿಟ್ಟು, "ಅಮ್ಮಾ, ನಾನು ಬದುಕಿರಬೇಕೋ ಬೇಡವೋ?" ಎಂದು ಕೇಳಿದ.

ಡಾಕ್ಟರು ನನ್ನನ್ನು ಕರೆದು, "ಒಂದಿಷ್ಟು ದಿನ ಮನೇಲಿರಿ," ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸಂಜೆ ಇದನ್ನು ನಾದಿನಿಗೆ ಹೇಳಿದೆ. ಅವಳು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಮರುದಿನ ಸಂಘದ ಕಾರ್ಯದರ್ಶಿಯ ಫೋನ್ ಬಂತು. ಆತ ಬೇರೆ ಊರಿನವರು. ಕೊರಳಿಗೆ ಸದಾ ಭೂತಗನ್ನಡಿ ನೇತುಹಾಕಿಕೊಂಡಿರುತ್ತಾರೆಂದು ನಮ್ಮ ಕಂಡಕ್ಟರು ಆತನಿಗೆ ಭೂತಗನ್ನಡಿ ಎಂದೇ ಹೆಸರಿಟ್ಟಿದ್ದರು. ಹೇಳಬೇಕಾದ ಸಾಂತ್ವನ ಹೇಳಿದ ಮೇಲೆ ಗಂಟಲು ಸರಿಮಾಡಿಕೊಂಡರು.

"ನಮ್ಮ ವಾರ್ಷಿಕ ಪುಸ್ತಕದಲ್ಲಿ ಅರ್ಧ ಪುಟ ಅವರಿಗೇಂತ ಇಟ್ಟಿದೀನಮ್ಮ. ಬೋಳು ನಾಣ್ಯ, ಕೆಳಗೆ ಅವರ ಹೆಸರು. ಆದ್ರೆ ಫೋಟೊ ಬೇಕು. ಅವರು ಕಳಿಸಿದ್ದು ಒಂದೂ ಆಗಲಿಲ್ಲ. ಎಲ್ಲ ಫೋನಲ್ಲಿ ತೆಗೆದದ್ದು, ಮಸಕು. ಬೋಳು ಬದಿಯ ಮೈ ಕಾಣಬೇಕು. ಟಂಕಸಾಲೆಯಿಂದ ಹಾಗೇ ಬಂದಿದ್ರೆ ಮೈ ಒಂದೇ ಸಮ ಇರುತ್ತೆ. ಅರ ಹಾಕಿದ್ರೆ ಒಂದೇ ದಿಕ್ಕಿಗೆ ಸಣ್ಣ ಗೆರೆ ಕಾಣ್ತವೆ."

"ತೂಕ ಹಾಕಿದ್ರೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಒಂದು ದಿನಕ್ಕೆ ಕೊಡಿ ಅಂತ ಎಷ್ಟು ಸಲ ಕೇಳಿದೆ. ಪುಣ್ಯಾತ್ಮ ಕೈಬಿಟ್ಟು ಕೊಡಲಿಲ್ಲ. ಶುಕ್ರವಾರದೊಳಗೆ ಫೋಟೊ ಬಂದ್ರೆ ಸೈ. ಆಮೇಲೆ ಪುಸ್ತಕ ಅಚ್ಚಿಗೆ ಹೋಗುತ್ತೆ, ನನ್ನ ಕೈಲೂ ಏನೂ ಇರಲ್ಲ."

ನಾದಿನಿ ಪಕ್ಕದಲ್ಲೇ ಕಿವಿ ನೆಟ್ಟು ಕುಳಿತಿದ್ದಳು. "ಅಣ್ಣನ ಹೆಸರು ಪುಸ್ತಕದಲ್ಲಿ!" ಎಂದಳು. ಡಿಪೋದವರ ನಗುವನ್ನು ಅವಳೂ ಕೇಳಿದವಳೇ. ನಮ್ಮ ಕಂಡಕ್ಟರ ಬದುಕಿನಲ್ಲಿ ಯಾರೂ ಅವರ ಹೆಸರನ್ನು ಎಲ್ಲಿಯೂ ಅಚ್ಚು ಹಾಕಿರಲಿಲ್ಲ. ಟಿಕೆಟ್ಟಿನ ಮೇಲೂ ಬಸ್ಸಿನ ನಂಬರೇ ಹೊರತು ಕಂಡಕ್ಟರ ಹೆಸರಿರುವುದಿಲ್ಲ. ಈ ಅರ್ಧ ಪುಟ ಅವರಿಗೆ ಸಿಗಬೇಕು ಎಂದು ನನಗೂ ಅನ್ನಿಸಿತು. ಅನ್ನಿಸಿತು ಎನ್ನುವುದು ದೊಡ್ಡ ಮಾತು. ಮಾಡಬೇಕಾದ ಒಂದು ಕೆಲಸ ಎದುರಿಗಿತ್ತು, ಕೆಲಸ ನನಗೆ ಗೊತ್ತು.

ಹಳೆಯ ಕ್ಯಾಮೆರಾಗಳನ್ನು ಮಾರುವ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಮೂರು ಮೆಟ್ಟಿಲು ಇಳಿದು ಹೋಗಬೇಕು. ಅವರ ಅಂಗಿಯ ಜೇಬಿನಲ್ಲಿ ಸಿಕ್ಕ ಬೋಳನನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಅಂಗಡಿಯಾಕೆ ದಪ್ಪ ಹೆಂಗಸು, ಪೆನ್ಸಿಲನ್ನು ಜಡೆಯಲ್ಲಿ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದಳು.

"ನಾಣ್ಯದ ಫೋಟೊ ತೆಗೆಯೋಕೆ, ಕಡಿಮೆ ಬೆಲೇದು ಒಂದು ಬೇಕು," ಎಂದೆ.

"ನಾಣ್ಯಕ್ಕಾ? ನಮ್ಮಲ್ಲಿ ಒಬ್ಬರು ಬರ್ತಾರೆ, ಅದೇ ಹುಚ್ಚು. ಹೆಸರು ಗೊತ್ತಿಲ್ಲ, ನಾವು ನಾಳೆ ಸಾಹೇಬ್ರು ಅಂತೀವಿ. ನೋಡೋದೆಲ್ಲ ನೋಡಿ ನಾಳೆ ಬರ್ತೀನಿ ಅಂತ ಹೋಗ್ತಾರೆ. ಈಚೆಗೆ ಕಾಣ್ಲೇ ಇಲ್ಲ."

"ಅವರು ತೀರಿಹೋದರು. ನಾನು ಅವರ ಹೆಂಡತಿ."

ಆಕೆಯ ಕೈ ಜಡೆಯ ಪೆನ್ಸಿಲಿಗೆ ತಗುಲಿತು. ಅದನ್ನು ಹೊರತೆಗೆದು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಸಿಕ್ಕಿಸಿಕೊಂಡಳು. ಕುರ್ಚಿ ತಂದಳು. ನಾನು ಕುಳಿತುಕೊಳ್ಳದೆ, "ಯಾವುದು ಆಗಬಹುದು ತೋರಿಸಿ," ಎಂದೆ. ಮಾತು ಬೇರೆ ಕಡೆ ಹೋದರೆ ಜನ ನನ್ನ ಮುಖ ನೋಡಲು ಶುರುಮಾಡುತ್ತಾರೆ.

ಅಂಗಡಿಯಾಕೆ ಮೊದಲು ಅಂಗೈಯಗಲದ ಹೊಳೆಯುವ ಒಂದನ್ನು ತೋರಿಸಿದಳು. ಅದರಲ್ಲಿ ಹೂವಿನ ಗುರುತಿನ ಗುಂಡಿ ಇದೆ, ಅದನ್ನೊತ್ತಿದರೆ ಇರುವೆಯ ಮೀಸೆಯೂ ಬರುತ್ತದೆ ಎಂದಳು. ಬಂದರೆ ಬರಲಿ, ಆದರೆ ಅಷ್ಟು ಹತ್ತಿರ ಹೋದಾಗ ಅದರ ನೆರಳೇ ನಾಣ್ಯದ ಮೇಲೆ ಬಿದ್ದಿತು, ದುಂಡಗಿನ ನಾಣ್ಯ ಮೊಟ್ಟೆಯಂತೆ ಕಂಡಿತು. ಇನ್ನೊಂದರ ಬೆಲೆ ಕೇಳಿ ಕೈಗೆ ತೆಗೆದುಕೊಳ್ಳದೆ ಹಾಗೇ ಬಿಟ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಎಷ್ಟು ದೊಡ್ಡ ಚಿತ್ರ ಬರುತ್ತದೆ, ಎಷ್ಟು ಬಣ್ಣ ಬರುತ್ತದೆ ಎಂದೆಲ್ಲ ಅವಳು ಹೇಳುತ್ತಿದ್ದಳು. ನನಗೆ ಬೇಕಾದದ್ದು ಬೇರೆ. ಕ್ಯಾಮೆರಾ ದೂರ ನಿಲ್ಲಬೇಕು, ನೋಟ ಹತ್ತಿರ ಹೋಗಬೇಕು, ಬೆಳಕು ನಾನು ಹೇಳಿದ ಕಡೆಯಿಂದ ಬೀಳಬೇಕು, ಯಾವುದೂ ಅಲ್ಲಾಡಬಾರದು. ಮೂಳೆಯಾದರೇನು, ನಾಣ್ಯವಾದರೇನು, ಇಷ್ಟೇ.

"ಹಾಗಾದ್ರೆ ಅವರು ಯಾವಾಗ್ಲೂ ಹಿಡ್ಕೋತಿದ್ದದ್ದೇ ತಗೊಳ್ಳಿ," ಎಂದು ಅವಳು ಕಪಾಟಿನ ಮೂಲೆಯಿಂದ ಕಪ್ಪು ಬಣ್ಣ ಸವೆದು ಅಂಚೆಲ್ಲ ಹಿತ್ತಾಳೆ ಕಾಣುತ್ತಿದ್ದ ಒಂದು ಹಳೆಯ ಕ್ಯಾಮೆರಾ ತೆಗೆದಳು. ಅದರ ಜೊತೆಗೆ ಟೊಳ್ಳಾದ ಒಂದು ಉಂಗುರ. "ನಾಣ್ಯಕ್ಕೇಂತ ಇರೋ ಲೆನ್ಸು ದುಬಾರಿ. ಇದು ಬಡವರ ಉಪಾಯ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಈ ಉಂಗುರ ಹಾಕಿದ್ರೆ ಮಾಮೂಲಿ ಲೆನ್ಸೇ ಸಣ್ಣದನ್ನ ದೊಡ್ಡದಾಗಿ ನೋಡುತ್ತೆ. ಒಳಗೆ ಗಾಜೇ ಇಲ್ಲ, ಅದಕ್ಕೇ ಅಗ್ಗ. ಅವರಿಗೂ ಹೇಳಿದ್ದೆ. ಉಂಗುರ ನಾಳೆ ನೋಡೋಣ ಅಂದ್ರು."

"ಉಂಗುರ ಹಾಕದೇ ತೆಗೀತಿದ್ರಾ?"

"ಬಂದಾಗಲೆಲ್ಲ ತೆಗೀತಿದ್ರು. ಜೇಬಿಂದ ಆ ನಾಣ್ಯ ತೆಗೆದು ಇಲ್ಲಿ ಮೇಜಿನ ಮೇಲೆ ಒರಗಿಸಿ ಇಡೋದು. ಕ್ಯಾಮೆರಾದ ಕಿಂಡೀಲಿ ಕಣ್ಣಿಡಿ ಅಂದ್ರೆ ಇಡಲ್ಲ. ಕ್ಯಾಮೆರಾ ಎದೆಗೆ, ಮೂಗು ನಾಣ್ಯಕ್ಕೆ. ಹಾಗೇ ಬಗ್ಗಿ ಟಕ್ ಅನ್ನಿಸೋದು. ಎಲ್ಲ ಮಸಕು. ಕೊನೇ ಸಲ ಬಂದಾಗ ಮಾತ್ರ ಒಂದನ್ನ ನೋಡಿ ಒಬ್ಬರೇ ನಗ್ತಿದ್ರು. ಚೆನ್ನಾಗಿ ಬಂತಾ, ಕ್ಯಾಮೆರಾ ಕಟ್ಟಿಕೊಡ್ಲಾ ಅಂದೆ. ನಾಳೆ ಅಂದ್ರು." ಆಕೆ ಕ್ಯಾಮೆರಾವನ್ನು ಬಟ್ಟೆಯಿಂದ ಒರೆಸಿದಳು. "ಅವರ ಚಿತ್ರಗಳೆಲ್ಲ ಇದರೊಳಗಿನ ಕಾರ್ಡಲ್ಲೇ ಇವೆ. ಬೇಡಾಂದ್ರೆ ಅಳಿಸ್ಕೊಳ್ಳಿ."

ಕೊಂಡು, ಚೀಲಕ್ಕೆ ಹಾಕಿಕೊಂಡು, ಬಸ್ಸಿನಲ್ಲೇ ಮನೆಗೆ ಬಂದೆ. ಎರಡು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಇದನ್ನು ಹೇಳಿ ಹಂಗಿಸಲು ಜನವಿರಲಿಲ್ಲ.

ಬೆಳಿಗ್ಗೆ ನಡುಮನೆಯಲ್ಲೇ ಕೆಲಸ ಶುರುಮಾಡಿದೆ. ಕ್ಲಿನಿಕ್ಕಿನವರು ಎಸೆದಿದ್ದ ಸಲೈನ್ ಬಾಟಲಿ ನೇತುಹಾಕುವ ಕಂಬವೊಂದು ನಮ್ಮ ಮನೆಯಲ್ಲಿ ಒದ್ದೆ ಬಟ್ಟೆ ಹೊತ್ತುಕೊಂಡು ನಿಂತಿತ್ತು. ಅದಕ್ಕೆ ಕ್ಯಾಮೆರಾವನ್ನು ಕೆಳಮುಖವಾಗಿ ಬಿಗಿದು ಕಟ್ಟಿದೆ. ಕೆಳಗೆ ಸ್ಟೂಲು, ಅದರ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಬೋಳ. ಬೆಳಕಿಗೆ ನಾದಿನಿಯ ಹೊಲಿಗೆ ಮೆಷಿನ್ನಿನ ಪುಟ್ಟ ದೀಪ. ಗುಂಡಿ ಒತ್ತಿದರೆ ಕ್ಯಾಮೆರಾ ಒಪ್ಪಲಿಲ್ಲ. ಕಾರ್ಡು ತುಂಬಿದೆ ಎಂದಿತು.

ಅವರ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಬೆರಳುದ್ದದ ಪರದೆಯಲ್ಲಿ, ಚಿತ್ರದ ಎಲ್ಲೋ ಒಂದು ಮೂಲೆಯಲ್ಲಿ ಬೋಳ. ನಾವು ಫಿಲ್ಮ್ ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಅಂಚು ನೋಡಬೇಕು. ಅಂಚು ಅಲುಗಿದ್ದರೆ ನಡುವೆ ಏನಿದ್ದರೂ ಪ್ರಯೋಜನವಿಲ್ಲ, ಆ ಫಿಲ್ಮ್ ಕಸ. ಕೆಟ್ಟ ಫಿಲ್ಮ್ ಇಟ್ಟುಕೊಂಡರೆ ನಾಳೆ ಯಾರೋ ಅದನ್ನೇ ಓದಿ ಇಲ್ಲದ ಕಾಯಿಲೆ ಹೇಳಿಬಿಡುತ್ತಾರೆ. ಹೊಸಬರಿಗೆ ನಾನೇ ಕಲಿಸುವ ಪಾಠ ಇದು. ಬೋಳನ ಅಂಚು ಮಸಕಾಗಿತ್ತು, ನಡುವೆ ಏನೋ ಕಪ್ಪು ನೆರಳು. ಅಳಿಸಿದೆ. ಮುಂದಿನದೂ ಹಾಗೇ, ಅಳಿಸಿದೆ. ಅದರ ಮುಂದಿನದು. ಬಟಾಣಿ ಸುಲಿಯುವಂತೆ ಕೈ ತಾನೇ ಹೋಗುತ್ತಿತ್ತು, ನಾನು ಅದರಲ್ಲಿ ಇರಲಿಲ್ಲ. ಕೊನೆಗೆ ಒಂದೇ ಒಂದು ಉಳಿಯಿತು, ಅದನ್ನು ಕ್ಯಾಮೆರಾ ಅಳಿಸಗೊಡಲಿಲ್ಲ. ಮೂಲೆಯಲ್ಲಿ ಒಂದು ಪುಟ್ಟ ಬೀಗದ ಕೈಯ ಗುರುತು ಇತ್ತು. ಹಳೆಯ ಯಂತ್ರ, ಏನೋ ಮೊಂಡು ಹಿಡಿದಿದೆ ಎಂದುಕೊಂಡೆ. ಜಾಗವಂತೂ ಆಗಿತ್ತು.

ಫೋಟೊ ತೆಗೆಯುವುದು ಎಣಿಸಿದಷ್ಟು ಸುಲಭವಾಗಲಿಲ್ಲ. ಬೋಳು ಬದಿ ಕನ್ನಡಿಯಂತೆ ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತಿತ್ತು. ಒಮ್ಮೆ ಕ್ಯಾಮೆರಾದ ಕಪ್ಪು ಮೂತಿ, ಒಮ್ಮೆ ದೀಪ, ಒಮ್ಮೆ ನನ್ನ ಕೈ. ಬಿಳಿ ರಟ್ಟಿಗೆ ತೂತು ಮಾಡಿ ಲೆನ್ಸಿನ ಸುತ್ತ ಹಾಕಿದೆ. ದೀಪವನ್ನು ಕೆಳಗೆ ಇಳಿಸಿ, ನಾಣ್ಯದ ಮೈ ಸವರಿಕೊಂಡು ಬೆಳಕು ಹೋಗುವಂತೆ ಪಕ್ಕದಿಂದ ಬಿಟ್ಟೆ. ಆಗ ನಾದಿನಿಯ ಮೆಷಿನ್ ಕಟಕಟ ಎಂದಿತು, ಕಂಬ ನಡುಗಿತು, ಚಿತ್ರ ಕೆಟ್ಟಿತು.

"ಮೆಷಿನ್ ನಿಲ್ಲಿಸೇ!"

"ತೋಳು ಅರ್ಧ ಆಗಿದೆ ಅತ್ತಿಗೆ. ಗಿರಾಕಿ ಒಂದು ತೋಳಲ್ಲೇ ಓಡಾಡ್ಬೇಕಾ?"

"ಓಡಾಡ್ಲಿ. ಉಸಿರು ಹಿಡ್ಕೊಂಡು ಕೂತ್ಕೋ."

ಅವಳು ನಿಜವಾಗಿಯೂ ಕೆನ್ನೆ ಉಬ್ಬಿಸಿ ಕುಳಿತಳು. ನಾನು ಗುಂಡಿ ಒತ್ತಿದೆ. ಕ್ಯಾಮೆರಾ ಒಂದು ಗಳಿಗೆ ಯೋಚಿಸಿ ಟಕ್ ಎಂದಿತು. "ಬಿಡ್ಲಾ?" ಎಂದು ಅವಳು ಸನ್ನೆಯಲ್ಲೇ ಕೇಳಿದಳು.

ಈ ಸಲ ಬಂತು. ಪರದೆಯ ತುಂಬ ಬೋಳ, ಅಂಚಿನ ಪ್ರತಿ ಹಲ್ಲೂ ಬೇರೆಬೇರೆಯಾಗಿ ಕಾಣುತ್ತಿತ್ತು. ಯಾವ ನೆರಳೂ ಇಲ್ಲ. ನಡುವಿನ ಮೈಯನ್ನು ದೊಡ್ಡದು ಮಾಡಿ ನೋಡಿದೆ. ಗೆರೆಗಳಿದ್ದವು. ಕೂದಲಿಗಿಂತ ಸಣ್ಣ ಗೆರೆಗಳು, ಎಲ್ಲವೂ ಒಂದೇ ದಿಕ್ಕಿಗೆ, ಬಾಚಿದ ತಲೆಯಂತೆ. ಫಿಲ್ಮ್ ತೆಗೆಯುವವಳು ಫಿಲ್ಮ್ ಓದಬಾರದು, ಅದು ಡಾಕ್ಟರ ಕೆಲಸ. ಮೂಳೆ ಮುರಿದಿದೆಯಾ ಅಕ್ಕಾ ಎಂದು ಎಷ್ಟೋ ಜನ ಕೇಳುತ್ತಾರೆ. ನೋಡಿದ ಕೂಡಲೇ ನನಗೆ ತಿಳಿದಿದ್ದರೂ ಮುಖವನ್ನು ಗೋಡೆ ಮಾಡಿಕೊಂಡು, ಡಾಕ್ಟರು ಹೇಳ್ತಾರೆ ಎನ್ನುತ್ತೇನೆ. ಆ ಮುಖವನ್ನೇ ಹೊತ್ತು ಕುಳಿತಿದ್ದೆ. ಆದರೆ ಭೂತಗನ್ನಡಿ ಫೋನಿನಲ್ಲಿ ಹೇಳಿದ್ದನ್ನು ನಾದಿನಿಯೂ ಕೇಳಿದ್ದಳಲ್ಲ. ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅರ ಹಾಕಿದ್ದಾ?" ಎಂದಳು, ಸಣ್ಣ ದನಿಯಲ್ಲಿ.

ಅವಳು ದೀಪವನ್ನು ನೋಡಿದಳು, ನಾಣ್ಯವನ್ನು ನೋಡಿದಳು. ಬಟ್ಟೆಯ ಸುಕ್ಕನ್ನು ಯಾವ ಬೆಳಕಿನಲ್ಲಿ ಮುಚ್ಚಬಹುದೆಂದು ಗೊತ್ತಿರುವವಳು.

"ದೀಪ ಪಕ್ಕದಿಂದ ಬಿಟ್ಟಿದ್ದಕ್ಕೆ ಗೆರೆ ಕಂಡಿದೆ. ಮೇಲಿಂದ ಬಿಟ್ಟು ಇನ್ನೊಂದು ತೆಗೀರಿ ಅತ್ತಿಗೆ. ಆಗ ಕಾಣಲ್ಲ."

"ಕಾಣಲ್ಲ, ನಂಗೂ ಗೊತ್ತು. ಮುರಿದ ಮೂಳೆ ಕಾಣದ ಹಾಗೆ ಫಿಲ್ಮ್ ತೆಗೆಯೋಕೂ ನಂಗೆ ಬರುತ್ತೆ. ತೆಗೆಯಲ್ಲ."

"ಇದೇನು ಮೂಳೆಯಾ? ಯಾರ ಕಾಲೂ ಕುಂಟಾಗಲ್ಲ. ಅಣ್ಣನ ಹೆಸರು ಬರುತ್ತೆ, ಅಷ್ಟೆ. ಬಿಟ್ರೆ ಅದೂ ಇಲ್ಲ. ಆ ಡಿಪೋದವರು ಅವನು ಸತ್ತ ಮೇಲೂ ನಗ್ತಾರೆ. ನಿಮಗೇನೂ ಅನ್ಸಲ್ವಾ?"

"ಇಲ್ಲ," ಎಂದೆ. ಅದು ನಿಜವಾಗಿತ್ತು. ಅವಳ ಮೇಲೆ ಕೋಪವೂ ಬರಲಿಲ್ಲ, ಅವರ ಮೇಲೆ ಕನಿಕರವೂ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ತೋರಿಸುವ ಒಂದು ಚಿತ್ರ ನನ್ನ ಮುಂದಿತ್ತು, ಇಷ್ಟು ವರ್ಷ ನಾನು ಮಾಡಿದ್ದೇ ಅದು. ಉಳಿದದ್ದೆಲ್ಲ ನನ್ನಿಂದ ಉದುರಿ ಹೋಗಿತ್ತು, ಇದೊಂದು ಉದುರಿರಲಿಲ್ಲ. ಚಿತ್ರವನ್ನು ಫೋನಿಗೆ ಹಾಕಿ ಭೂತಗನ್ನಡಿಗೆ ಕಳಿಸಿದೆ.

"ನಿಮ್ಮ ಎದೆ ಕಲ್ಲು," ಎಂದು ನಾದಿನಿ ಎದ್ದು ಹೋಗಿ ಮೆಷಿನ್ ತುಳಿಯತೊಡಗಿದಳು. ಆ ತೋಳಿಗೆ ಅಷ್ಟು ಹೊಲಿಗೆ ಬೇಕಿರಲಿಲ್ಲ.

ಭೂತಗನ್ನಡಿ ಮಧ್ಯಾಹ್ನ ಫೋನ್ ಮಾಡಿದರು. ಮೊದಲು ಫೋಟೊವನ್ನೇ ಹೊಗಳಿದರು, ನಮ್ಮ ಸಂಘದಲ್ಲಿ ಇಂಥದ್ದು ಯಾರೂ ತೆಗೆದಿಲ್ಲ ಎಂದರು. ಆಮೇಲೆ ನಿಧಾನವಾದರು.

"ಟಂಕಸಾಲೆಯದಲ್ಲಮ್ಮ. ಯಾರೋ ಅರ ಹಾಕಿ, ನುಣ್ಣಗೆ ಉಜ್ಜಿದಾರೆ. ಬೇಜಾರು ಮಾಡ್ಕೋಬೇಡಿ. ಆ ಅರ್ಧ ಪುಟಕ್ಕೆ ಬೇರೆ ಏನಾದ್ರೂ ಹಾಕ್ತೀನಿ." ಫೋನ್ ಇಡುವ ಮುಂಚೆ ಸೇರಿಸಿದರು: "ಅವರಿಗೆ ಗೊತ್ತಿತ್ತು ಅನ್ಸುತ್ತೆ. ಅದಕ್ಕೇ ತೂಕಕ್ಕೆ ಕೊಡ್ಲಿಲ್ಲ."

ಅದು ನನಗೂ ಹೊಳೆದಿತ್ತು. ಒಳ್ಳೆಯ ಕ್ಯಾಮೆರಾ ಮನೆಗೆ ಬಂದ ದಿನವೇ ಬೋಳನ ಕಥೆ ಮುಗಿಯುತ್ತಿತ್ತು. ನಾಳೆ ಎನ್ನುತ್ತಿರುವವರೆಗೂ ಅದು ಅಪರೂಪದ ನಾಣ್ಯವಾಗಿಯೇ ಜೇಬಿನಲ್ಲಿ ಇರಬಹುದಿತ್ತು. ಕನ್ನಡಿಯೊಳಗಿನ ಗಂಟು ಎಂದು ತಿಳಿದೂ ಅದನ್ನು ಎರಡು ವರ್ಷ ಹೊತ್ತು ತಿರುಗಿದ್ದರು, ಯಾರ ತಂಟೆಗೂ ಹೋಗದೆ. ನಾನು ಅದನ್ನು ಕೈಯಾರೆ ಬಿಚ್ಚಿ ಬರಿದು ಮಾಡಿದ್ದೆ. ಹೀಗೆಂದು ಮನಸ್ಸಿಗೆ ಬಂತು, ಬಂದು ಹಾಗೇ ಹೋಯಿತು. ತುಟಿ ಇನ್ನೂ ಜೋಮು ಹಿಡಿದೇ ಇತ್ತು.

ಕೆಲಸ ಮುಗಿದಿದ್ದರಿಂದ ಕಂಬ ಬಿಚ್ಚಿದೆ, ರಟ್ಟು ಮಡಚಿದೆ, ದೀಪವನ್ನು ನಾದಿನಿಯ ಮೆಷಿನ್ನಿಗೆ ಸಿಕ್ಕಿಸಿದೆ. ಕ್ಯಾಮೆರಾವನ್ನು ಅಂಗಡಿಯಾಕೆಗೇ ವಾಪಸು ಕೊಟ್ಟರೆ ಅರ್ಧವಾದರೂ ಹುಟ್ಟುತ್ತದೆ ಎಂದುಕೊಂಡು, ಕೊಡುವ ಮುಂಚೆ ಕಾರ್ಡು ಖಾಲಿ ಮಾಡಲು ಕುಳಿತೆ. ನನ್ನ ಚಿತ್ರಗಳನ್ನು ಅಳಿಸಿದೆ. ಮತ್ತೆ ಆ ಒಂದು ಮೊಂಡು ಚಿತ್ರ ಉಳಿಯಿತು. ಬೀಗದ ಕೈಯ ಗುರುತು ತಾನಾಗಿ ಬರುವುದಿಲ್ಲ ಎಂದು ಆಗ ತಲೆಗೆ ಹೋಯಿತು. ಯಾರಾದರೂ ಗುಂಡಿ ಹುಡುಕಿ, ಇದನ್ನು ಅಳಿಸಬೇಡ ಎಂದು ಹಾಕಿದರಷ್ಟೇ ಬರುತ್ತದೆ.

ದೊಡ್ಡದು ಮಾಡಿದೆ. ಅಂಚು ಮಸಕಾಗಿತ್ತು. ಈ ಸಲ ಅಂಚಿನಲ್ಲಿ ನಿಲ್ಲದೆ ನಡುವಿಗೆ ಹೋದೆ.

ನೆರಳಲ್ಲ. ಬೋಳನ ನುಣ್ಣನೆಯ ಮೈಯಲ್ಲಿ, ದುಂಡನೆಯ ಅಂಚಿನೊಳಗೆ ಸರಿಯಾಗಿ ಕೂಡಿಸಿದಂತೆ, ಕಂಡಕ್ಟರು. ಬಗ್ಗಿ ನೋಡುತ್ತಿದ್ದ ಮುಖ, ಹಿಂದಕ್ಕೆ ಸರಿದ ಟೋಪಿ, ಚಿಲ್ಲರೆ ಕೊಡುವಾಗ ಹಲ್ಲಿನ ನಡುವೆ ಬರುವ ನಾಲಿಗೆಯ ತುದಿ. ಕ್ಯಾಮೆರಾ ನಾಣ್ಯವನ್ನು ಬಿಟ್ಟು ಅದರಲ್ಲಿ ಕಂಡ ಮುಖವನ್ನೇ ಹಿಡಿದಿತ್ತು. ಗಡ್ಡದ ಬಿಳಿ ಮೊಳಕೆಯೂ ಎಣಿಸುವಷ್ಟು ಸ್ಪಷ್ಟ. ರಾಜರಂತೆ ಗಂಭೀರವಾಗಿರಲು ಹೋಗಿ ನಗು ತಡೆಯಲಾಗದೆ ಕಣ್ಣುಗಳು ಸಣ್ಣಗಾಗಿದ್ದವು.

ಆಗ ಉಳಿದವು ನೆನಪಾದವು. ಅಂಗಡಿಯ ಮೇಜಿನ ಮೇಲೆ ಎರಡು ವರ್ಷ ಅವರು ಬಗ್ಗಿದ್ದಾರೆ, ಪ್ರತಿಸಲವೂ ಹೀಗೆಯೇ, ಮೂಗು ನಾಣ್ಯಕ್ಕೆ. ನಡುವಿನ ಕಪ್ಪು ನೆರಳು ಎಂದು ನಾನು ಒಂದೊಂದಾಗಿ ಅಳಿಸಿದ್ದೆಲ್ಲ ಅವರೇ. ಅಂಚು ನೋಡಿದೆ, ಅಳಿಸಿದೆ. ಅಂಚು ನೋಡಿದೆ, ಅಳಿಸಿದೆ. ಈ ಒಂದನ್ನೂ ಅಳಿಸಲು ಎರಡು ಸಲ ಕೈ ಹಾಕಿದ್ದೆ.

ಮೆಷಿನ್ ನಿಂತದ್ದು ನನಗೆ ಗೊತ್ತಾಗಲಿಲ್ಲ. ನಾದಿನಿ ಯಾವಾಗಲೋ ಬಂದು ಹಿಂದೆ ನಿಂತಿದ್ದಳು, ಇಂಚು ಟೇಪು ಕೊರಳಲ್ಲಿ.

"ಅಯ್ಯೋ, ಅಣ್ಣ!" ಎಂದಳು. ಒಂದು ಕ್ಷಣ ಬಿಟ್ಟು, ಅಳುವಿನ ನಡುವೆಯೇ, "ಹಾಕಿಸ್ಕೊಂಡೇಬಿಟ್ಟ ನೋಡಿ, ಕಂಡಕ್ಟರ ತಲೆ," ಎಂದಳು.

ನನ್ನ ಎದೆ ಬಿಗಿದಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಅವಳು ಮುಂದೆ ಬಂದು ನನ್ನ ಮುಖ ನೋಡಿದಳು. ಹಾಲು ನೋಡುವಂತೆ ಅಲ್ಲ, ಹೆದರಿ ನೋಡಿದಳು. ನನ್ನ ಎರಡೂ ಭುಜ ಹಿಡಿದು ಅಲುಗಿಸಿದಳು.

"ಉಸಿರು ಹಿಡ್ಕೊಂಡು ಕೂತಿದೀರಲ್ಲ! ಬಿಡಿ ಅತ್ತಿಗೆ, ಬಿಡಿ."

ಬಿಟ್ಟೆ. ಉಸಿರಿನ ಜೊತೆಗೆ ಒಂದು ದನಿ ಬಂತು, ಅದು ನನ್ನದೆಂದು ತಿಳಿಯಲು ಹೊತ್ತು ಹಿಡಿಯಿತು. ಆಮೇಲೆ ಅದು ನಿಲ್ಲಲಿಲ್ಲ. ನಾದಿನಿ ಮೊದಲು ನನ್ನ ಕೈಯಿಂದ ಕ್ಯಾಮೆರಾ ತೆಗೆದು, ಕಪ್ಪು ಬಟ್ಟೆ ಹಾಸಿದ್ದ ಸ್ಟೂಲಿನ ಮೇಲೆ ಬೋಳನ ಪಕ್ಕದಲ್ಲಿ ಇಟ್ಟಳು.